ಜೋಸೆಫನ ತಟ್ಟೆ

ನುಂಜಿಯಾ ಕೋರ್ಟಿಗೆ ಹೋದದ್ದು ಒಂದೇ ಮಾತು ಹೇಳಲು. ಬೂಟು ಕಾರ್ಖಾನೆಯ ಕಾವಲುಗಾರನನ್ನು ಯಾರೋ ಗುಂಡಿಟ್ಟು ಕೊಂದ ಆ ಮಧ್ಯಾಹ್ನ ಗಸ್ಪಾರೆ ಅವಳ ಮನೆಯಲ್ಲಿ ಉಣ್ಣುತ್ತಿದ್ದ. ಅದನ್ನು ನಂಬಿದರೆ ಅವನ ಜೀವ ಉಳಿಯುತ್ತಿತ್ತು.

ಅಂದು ಸಂತ ಜೋಸೆಫನ ಹಬ್ಬ. ಸಿಸಿಲಿ ಬಿಟ್ಟು ಬಾಸ್ಟನ್ನಿಗೆ ಬಂದರೂ ಅವಳು ಹಬ್ಬ ಬಿಟ್ಟಿರಲಿಲ್ಲ. ಬಡವನೊಬ್ಬನನ್ನು ಜೋಸೆಫನೆಂದು ಕರೆದು ಉಣಿಸಬೇಕು. ಅವನು ಬಾಗಿಲು ತಟ್ಟಿದಾಗ ಎರಡು ಸಲ ‘ಜಾಗವಿಲ್ಲ, ಹೋಗು’ ಅನ್ನಬೇಕು, ಮೂರನೆಯ ಸಲ ತೆರೆಯಬೇಕು. ಆ ವರ್ಷ ಬರಬೇಕಾದ ಮುದುಕ ಜ್ವರ ಬಂದು ಮಲಗಿದ. ನುಂಜಿಯಾ ಮೇಲಿನ ಮಹಡಿಯ ಗಸ್ಪಾರೆಯನ್ನು ಹಿಡಿದಳು.

“ದೇವರೂ ಬೇಡ, ಸರ್ಕಾರವೂ ಬೇಡ ಅಂತ ಬೀದಿಲಿ ಕೂಗೋನು ನಾನು, ಅಕ್ಕಾ!”

“ಊಟಾನೂ ಬೇಡ್ವೇನೋ? ಗಡ್ಡ ಇದೆಯಲ್ಲ, ಸಾಕು ಬಾ.”

“ನಮ್ಮ ಹುಡುಗರಿಗೆ ಗೊತ್ತಾದ್ರೆ ಮಾನ ಹೋಗುತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡು.”

ಕೊಟ್ಟಳು. ಅವನು ತಟ್ಟಿದಾಗ ಒಳಗಿಂದ ನಗುತ್ತಲೇ ಕೂಗಿದಳು, “ಜಾಗವಿಲ್ಲ, ಹೋಗೋ!”

ಕಾವಲುಗಾರನ ಕೊಲೆಗೆಂದು ಪೊಲೀಸರು ಗಸ್ಪಾರೆಯನ್ನು ಹಿಡಿದಾಗ ಪಕ್ಕದಲ್ಲೇ ಅವನ ಸಂಗಾತಿಗಳಿದ್ದರು. ಆ ಮಧ್ಯಾಹ್ನ ಎಲ್ಲಿದ್ದೆ ಅಂದರೆ, ಕೋಣೆಯಲ್ಲಿ ಮಲಗಿದ್ದೆ ಅಂದುಬಿಟ್ಟ.

ಕೋರ್ಟಿನಲ್ಲಿ ಸರ್ಕಾರಿ ವಕೀಲ ಕೇಳಿದ, “ದೇವರಿಲ್ಲ ಅನ್ನೋನು ಸಂತನಾಗಿ ಕೂತಿದ್ನಾ, ತಾಯೀ?” ಜನ ನಕ್ಕರು. “ಮಲಗಿದ್ದೆ ಅಂತ ಅವನೇ ಹೇಳಿದಾನೆ. ಸುಳ್ಳು ಯಾರದ್ದು?”

“ನಾಚಿಕೆಗೆ ಹಾಗಂದ, ಸ್ವಾಮಿ. ಎರಡು ಸಲ ಬಡಿಸಿಕೊಂಡು ಉಂಡ. ನನ್ನ ಕೈಯಾರೆ ಬಡಿಸಿದೀನಿ.”

ತೀರ್ಪು ಹೇಳಬೇಕಾದ ಹನ್ನೆರಡು ಜನ ಪಂಚರು ಅವಳನ್ನು ನೋಡಿದರು, ಅವಳ ತಲೆವಸ್ತ್ರವನ್ನು ನೋಡಿದರು. ಕಟಕಟೆಯಿಂದ ಗಸ್ಪಾರೆ ಸಣ್ಣಗೆ ನಕ್ಕ. “ಮಾತಿಗೆ ತಪ್ಪಿದ್ಯಲ್ಲ, ಅಕ್ಕಾ.”

ಜನವರಿಯಲ್ಲಿ ಅವನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು.

ಮಾರ್ಚಿನಲ್ಲಿ ಮತ್ತೆ ಹಬ್ಬ ಬಂತು. ಗುಣವಾಗಿದ್ದ ಮುದುಕ ಬಂದು ಬಾಗಿಲು ತಟ್ಟಿದ. ನುಂಜಿಯಾ ‘ಜಾಗವಿಲ್ಲ’ ಅನ್ನಲಿಲ್ಲ. ಓಡಿಹೋಗಿ ಬಾಗಿಲು ತೆರೆದಳು.

“ಅಮ್ಮಾ, ಎರಡು ಸಲ ಹೋಗು ಅನ್ಬೇಕು!” ಮಗಳು ರೇಗಿದಳು.

“ಅಂದಾಗಿದೆ ಕಣೇ.”

ಮುದುಕ ಒಳಗೆ ಬಂದು ಕೂತ. ಹುರಿದ ರೊಟ್ಟಿಪುಡಿ ಉದುರಿಸಿದ ಶಾವಿಗೆಯನ್ನು ಅವಳು ಬಡಿಸುತ್ತಿದ್ದಾಗ, ತೆರೆದೇ ಇದ್ದ ಬಾಗಿಲ ಮೇಲೆ ಸದ್ದಾಯಿತು. ಒಮ್ಮೆ, ಮತ್ತೊಮ್ಮೆ. ಹೊರಗೆ ಖಾಲಿ ಮೆಟ್ಟಿಲು.

ಮಗಳ ಮುಖ ಬಿಳುಚಿತು. ನುಂಜಿಯಾ ಮೂರನೆಯದಕ್ಕೆ ಕಾಯಲಿಲ್ಲ. ಇನ್ನೊಂದು ತಟ್ಟೆ ತೊಳೆದು ತಂದು, ಮುದುಕನ ಪಕ್ಕದಲ್ಲಿಟ್ಟಳು.

“ಜಾಗ ಇದೆ ಬಾರೋ,” ಅಂದಳು.