ನೀವು ಸ್ಥಳದಲ್ಲಿಲ್ಲ

ಕೃಷ್ಣೆಯ ದಂಡೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ತ್ರಿಶಲಾಳಿಗೆ ಸರ್ಕಾರದ ಆ್ಯಪ್ ಮೂರನೇ ಸಲ ಹೇಳಿತು: ‘ನೀವು ಸ್ಥಳದಲ್ಲಿಲ್ಲ.’

ಉಗಾರದಿಂದ ಕೆಳಗಿರುವ ಈ ಊರಿಗೆ ಗ್ರಾಮ ಆಡಳಿತಾಧಿಕಾರಿಯಾಗಿ ಬಂದು ಅವಳಿಗೆ ಹತ್ತು ತಿಂಗಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು. ಒಂದೇ ಅಳತೆಯನ್ನು ನಂಬುವ ಜಾಯಮಾನ ಅವಳದಲ್ಲ. ಹೊಳೆಯಲ್ಲಿ ನೆಟ್ಟ ಅಳತೆಗೋಲನ್ನು ಹನ್ನೊಂದೂವರೆಗೆ ಓದಿದಾಗ 14.54 ಮೀಟರ್ ಇತ್ತು. ಕಾಲುಗಂಟೆ ಬಿಟ್ಟು 14.57. ಹನ್ನೆರಡಕ್ಕೆ 14.60. ಹದಿನೈದರ ಕೆಂಪು ಗೆರೆಗೆ ನೀರು ಮುಟ್ಟಿತೆಂದರೆ ತಗ್ಗಿನ ಓಣಿಯ ಹೊಸ್ತಿಲಿಗೆ ಮುಟ್ಟಿದಂತೆ. ಹೀಗೇ ಏರಿದರೆ ಮೂರೂ ಇಪ್ಪತ್ತಕ್ಕೆ ಅರವತ್ತು ಮನೆಗಳಲ್ಲಿ ನೀರು.

ಮೇಲಿನ ಕಚೇರಿಯ ಫೇಸ್‌ಬುಕ್ ಪುಟದಲ್ಲಿ ಮಾತ್ರ ಊರಿನ ಹೆಸರಿನ ಪಕ್ಕ ಬೆಳಿಗ್ಗೆಯಿಂದ ಹಸಿರು ಚುಕ್ಕಿ ಹೊಳೆಯುತ್ತಿತ್ತು. 13.10 ಮೀಟರ್, ಸುರಕ್ಷಿತ.

“ಈ ಹದಿಮೂರು ಎಲ್ಲಿಂದ ಬಂತು, ಕಾಕಾ?”

ಹೊಳೆಯ ಅಳತೆ ಕಳಿಸುವುದು ತುಕಾರಾಮನ ಕೆಲಸ. ಆತ ದಂಡೆಯ ಮೇಲೆಯೇ ನಿಂತು ಕುತ್ತಿಗೆ ಕೆರೆದುಕೊಂಡ. “ಆ್ಯಪಿನ ಪ್ರಕಾರ ಹೊಳಿ ಪಂಚಾಯ್ತಿ ಕಟ್ಟಿ ಮ್ಯಾಲ ಐತ್ರಿ, ಬಾಯಾರ. ಜಾಗಾ ಗುರ್ತು ಮಾಡಾಕ ಬಂದವ್ರು ರಾಡಿಯೊಳಗ ಯಾರ ಇಳೀತಾರಂತ ಅಲ್ಲೇ ಚಾ ಕುಡ್ಕೋತ ಬಟನ್ ಒತ್ತಿ ಹೋದ್ರು. ಅಲ್ಲಿ ನಿಂತ್ರನ ಅದು ಫೋಟೋ ತಗೊಳ್ಳೂದು.”

“ಮತ್ತ ನೀವ್ ಹೆಂಗ ಕಳಸ್ತೀರಿ?”

“ನನ್ನ ಫೋನಿನ್ಯಾಗ ಹೊಳೀ ಫೋಟೋ ಹೊಡ್ಕೊಂಡ ಕಟ್ಟಿಗೆ ಹೋಗತೇನಿ. ಆ ಫೋಟೋದ ಫೋಟೋ ಸರ್ಕಾರಿ ಫೋನಿನ್ಯಾಗ ಹೊಡೀತೇನಿ. ಎರಡ ವರ್ಷ ಆತು. ಹೊಳಿ ಕಟ್ಟಿ ಏರೇತಂತ ಅವ್ರ ನಂಬ್ಯಾರ, ನಾ ಯಾಕ ಬ್ಯಾಡ ಅನ್ಲಿ?”

“ಇವತ್ತಿಂದು?”

ತುಕಾರಾಮನ ನಗೆ ಆರಿತು. “ಮುಂಜಾನೆ ದಾರಿ ಮ್ಯಾಲ ನೀರ ಬಂದಿತ್ರಿ. ಮೊನ್ನಿ ಫೋಟೋನ ತೋರ್ಸಿದೆ. ತಪ್ಪಾತ್ರಿ.”

ಬೈಯಲು ಹೊತ್ತಿರಲಿಲ್ಲ. ಪುಟ ನೋಡಿಕೊಳ್ಳುವ ಸಂಜಯನಿಗೆ ಫೋನ್ ಮಾಡಿದಳು.

“ದಿನಕ್ಕ ಒಂದ ಅಳತಿ, ಮೇಡಂ. ಇವತ್ತಿಂದು ಲಾಕ್ ಆಗೇತಿ. ನಾಳೆ ಮುಂಜಾನೆ ಹಾಕ್ರಿ.”

“ನಾಳೆ ಮುಂಜಾನೆ ಫೋಟೋ ಹೊಡ್ಯಾಕ ದೋಣಿ ಕಳಸ್ತೀರೇನ್ರಿ?”

“ನಮ್ಮ ಕಚೇರಿ ಸಾಹೇಬ್ರು ಈಗಷ್ಟ ಪುಟದಾಗ ವಿಡಿಯೋ ಬಿಟ್ಟಾರ, ದಂಡಿ ಊರೆಲ್ಲಾ ಸುರಕ್ಷಿತ ಅಂತ. ಎರಡ ಸಾವಿರ ಲೈಕ್ ಬಿದ್ದಾವ. ಈಗ ಹಸಿರು ತಗದು ಕಿತ್ತಳಿ ಹಚ್ಚಿದ್ರ ಅವ್ರು ಮಾರಿ ಎಲ್ಲಿ ಇಟ್ಕೋಬೇಕು?”

“ಮಂದೀನ ಎಲ್ಲಿ ಇಡೂದು, ಅದನ್ನ ಮೊದಲ ಹೇಳ್ರಿ.”

ಕಿತ್ತಳೆ ಬಣ್ಣ ಬರದೆ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆಯುವಂತಿಲ್ಲ, ವಾಹನಕ್ಕೆ ಆದೇಶವೂ ಇಲ್ಲ ಎಂದು ಹೇಳಿ ಅವನು ಫೋನ್ ಇಟ್ಟ.

ತ್ರಿಶಲಾ ಶಾಲೆಯ ಕೀಲಿ ತೆಗೆಸಿದಳು. ಕಬ್ಬಿನ ಹಂಗಾಮು ಇಲ್ಲದೆ ಟ್ರಾಕ್ಟರ್ ನಿಲ್ಲಿಸಿಕೊಂಡು ಕೂತಿದ್ದ ಬಸವಂತನಿಗೆ ಎರಡು ಟ್ರಾಲಿ ತರಲು ಹೇಳಿ ತಗ್ಗಿನ ಓಣಿಗೆ ಇಳಿದಳು. ಮೊದಲ ಮನೆ ಗೌರಾಬಾಯಿಯದು. ಆ ಮುದುಕಿ ಏಳದೆ ಓಣಿಯಲ್ಲಿ ಯಾರೂ ಏಳುವುದಿಲ್ಲ. ಆಕೆ ಎಮ್ಮೆಗೆ ಮೇವು ಹಾಕುತ್ತಿದ್ದಳು, ತಿರುಗಿ ನೋಡಲಿಲ್ಲ.

“ಮೊಮ್ಮಗಳು ಮೊಬೈಲ್‌ದಾಗ ನೋಡ್ಯಾಳ. ಹಸಿರ ಐತಿ. ಹೋದ ವರ್ಷ ಸುಮ್‌ಸುಮ್ನ ಎಬ್ಬಿಸಿ ಮೂರ ದಿನ ಸಾಲ್ಯಾಗ ಉಪ್ಪಿಟ್ಟ ತಿನ್ಸಿದ್ರಿ. ಈ ಸಲ ಸರ್ಕಾರ ಹೇಳ್ಲಿ, ಏಳತೇವಿ.”

“ನಾನೂ ಸರ್ಕಾರದಾಕಿನ, ಆಯಿ.”

“ನೀನಾ? ನೀ ಮೊನ್ನಿ ಬಂದ ಹುಡುಗಿ. ಸರ್ಕಾರ ಮೊಬೈಲ್‌ದಾಗ ಇರತೈತಿ.”

ಸುತ್ತಲಿದ್ದವರು ನಕ್ಕರು. ತ್ರಿಶಲಾ ನಗಲಿಲ್ಲ. ಮುದುಕಿ ಹೇಳಿದ್ದರಲ್ಲಿ ತಪ್ಪೇನಿದೆ? ಎರಡು ವರ್ಷ ಈ ಊರಿಗೆ ಹೊಳೆ ಮೊಬೈಲಿನಲ್ಲೇ ಇತ್ತು. ಅವಳು ಅಲ್ಲೇ ನಿಂತು ಸಾಹೇಬರ ವಿಡಿಯೋದ ಕೆಳಗೆ ಅಳತೆಗೋಲಿನ ಫೋಟೋ ಹಾಕಿದಳು, ಓದಿದ್ದನ್ನೆಲ್ಲ ವೇಳೆಸಮೇತ ಬರೆದಳು. ‘ಹಸಿರು ಚುಕ್ಕಿಯ ಅಳತೆ ಎರಡು ದಿನ ಹಳೆಯದು. ತಗ್ಗಿನ ಓಣಿಯವರು ಈಗಲೇ ಶಾಲೆಗೆ ಬರಬೇಕು.’ ಕೆಳಗೆ ತನ್ನ ಹೆಸರು, ಹುದ್ದೆ. ಕೆಲಸ ಹೋದರೆ ಮನೆಗೆ ಏನು ಹೇಳುವುದೆಂಬ ಯೋಚನೆ ಬಂತು. ಒತ್ತಿದಳು.

ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಗೌರಾಬಾಯಿ ಕಣ್ಣು ಕಿರಿದು ಮಾಡಿ ಫೋನನ್ನೂ ತ್ರಿಶಲಾಳನ್ನೂ ನೋಡಿದಳು. “ಹೆಸರ ಸಮೇತ ಬರದಾಳಲ್ಲೋ! ಸುಳ್ಳ ಹೇಳಾವ್ರು ಹೆಸರ ಹಾಕೂದಿಲ್ಲ. ಎಮ್ಮಿ ಬಿಚ್ರಿ.”

ಮೊದಲ ಟ್ರಾಲಿ ತುಂಬುವಷ್ಟರಲ್ಲಿ ಸಂಜಯನ ಫೋನ್ ಬಂತು. “ಕಾಮೆಂಟ್ ತಗದೇನ್ರಿ. ಮತ್ತ ಹಾಕಿದ್ರ ನೋಟಿಸ್ ಬರತೈತಿ.”

“ಬರ್ಲಿ. ಅದರಾಗ ವೇಳೆ ಸರಿಯಾಗಿ ಬರೀರಿ. ಒಂದೂಕಾಲಿಗೆ ಹಾಕಿದ್ದು. ಆವಾಗ ಹೊಳಿಯೊಳಗ ತುಕಾರಾಮ ಕಾಕಾ ಓದಿದ್ದು 14.76.”

ಅಲ್ಲಿಂದ ಮುಂದೆ ಕಾಲುಗಂಟೆಗೊಂದು ಅಳತೆ. ತುಕಾರಾಮ ಹೊಳೆಯಲ್ಲಿ ನಿಂತು ಕೂಗುತ್ತಿದ್ದ, ಅವಳು ಹಾಕುತ್ತಿದ್ದಳು, ಸಂಜಯ ಅಳಿಸುತ್ತಿದ್ದ. ಐದನೆಯದನ್ನು ಅಳಿಸುವ ಹೊತ್ತಿಗೆ ಅದರ ಕೆಳಗೆ ದಂಡೆಯ ಬೇರೆ ಊರಿನವರು ತಮ್ಮ ತಮ್ಮ ಫೋಟೋ ಹಾಕತೊಡಗಿದ್ದರು. ಮುಳುಗಿದ ಪಂಪ್‌ಸೆಟ್ ಮನೆ. ಟೊಂಗೆಯಷ್ಟೇ ಕಾಣುವ ಬೇವಿನ ಮರ. ಅಷ್ಟನ್ನೂ ಅಳಿಸಲು ಒಬ್ಬನ ಕೈ ಸಾಲಲಿಲ್ಲ.

ನೀರು ಮೂರೂ ಹತ್ತಕ್ಕೇ ಓಣಿಗೆ ನುಗ್ಗಿತು. ತನ್ನ ಲೆಕ್ಕ ಹತ್ತು ನಿಮಿಷ ತಪ್ಪಿದ್ದನ್ನು ತ್ರಿಶಲಾ ಬರೆದುಕೊಂಡಳು. ಓಣಿಯಲ್ಲಿ ಯಾರೂ ಉಳಿದಿರಲಿಲ್ಲ.

ಮತ್ತೆ ಸಂಜಯ. ಈ ಸಲ ದನಿ ಮೆತ್ತಗಿತ್ತು. “ಮೇಡಂ, ಸಾಹೇಬ್ರು ಹೇಳ್ಯಾರ. ಗೊತ್ತಿಲ್ಲದ ಹಾಕಿದೆ ಅಂತ ಎರಡ ಮಾತ ಬರಕೊಡ್ರಿ, ನೋಟಿಸ್ ಇಲ್ಲೇ ಮುಗಸ್ತೇವಿ.”

“ಗೊತ್ತಿದ್ದನ ಹಾಕೇನ್ರಿ. ನೋಟಿಸ್ ಕಳಸೂದಿದ್ರ ಸಾಲಿಗೆ ಕಳಸ್ರಿ. ಅರವತ್ತ ಮನಿ ಮಂದಿ ಅಲ್ಲೇ ಅದಾರ, ಎಲ್ಲಾರ ಮುಂದ ಓದ್ತೇನಿ.”

ಫೋನ್ ಕತ್ತರಿಸಿ ತುಕಾರಾಮನತ್ತ ತಿರುಗಿದಳು. ಆತ ಕೂಗಿದ್ದನ್ನು ಬರೆದಳು: ಮೂರೂವರೆ, 15.04.