ಸತು ಬೆರೆತ ಸೀಸ

ಐದನೆಯ ಗುಂಡೂ ಗುರಿ ತಪ್ಪಿತು. ಡಾರೆಲ್ ದುರ್ಬೀನಿನಿಂದ ಕಣ್ಣು ತೆಗೆಯದೆಯೇ ನಕ್ಕ.

"ಏನ್ ಮಾರಾಯ್ತಿ, ಗುರಿಗೆ ಹೊಡೀತಿದೀಯೋ, ಕಾಗದಕ್ಕೆ ಸಿಡುಬು ಬರಿಸ್ತಿದೀಯೋ?"

ಮಾರ್ಲಿಸ್ ರೈಫಲನ್ನು ಮರಳಿನ ಚೀಲದ ಮೇಲೆ ಒರಗಿಸಿದಳು. ನೂರು ಗಜದಾಚೆ, ದಿಬ್ಬದ ಬುಡದಲ್ಲಿದ್ದ ಕಾಗದದ ಮೇಲೆ ಐದು ತೂತುಗಳು ಐದು ದಿಕ್ಕಿಗೆ ಬಿದ್ದಿದ್ದವು. ಕಾರ್ಖಾನೆಯ ಗುಂಡುಗಳನ್ನು ಇದೇ ಬಂದೂಕು ಒಂದು ಬೆರಳಗಲದಲ್ಲಿ ಕೂರಿಸುತ್ತಿತ್ತು. ಇವು ಮನೆಯಲ್ಲಿ ಎರಕ ಹೊಯ್ದವು. ಎರಕ ಅವಳದ್ದು, ಅಚ್ಚು ಅವಳ ಅಪ್ಪ ಆರ್ವಿಡ್‌ನದ್ದು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವನು ಕೊರೆದ ಮೊದಲ ಅಚ್ಚು ಅದು. ಅದು ಗೆದ್ದರೆ ತನಗೂ ಒಂದು ಬೇಕು ಎಂದು ಡಾರೆಲ್ ಕಾಯುತ್ತಿದ್ದ. ಬಂದೂಕು ಕ್ಲಬ್ಬಿನ ಇನ್ನೂ ಕೆಲವರು ಕಾಯುತ್ತಿದ್ದರು. ಅಪ್ಪ ಆ ವಾರವೆಲ್ಲ ಹುರುಪಿನಿಂದ ದಿನಾ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡಿದ್ದ.

ಡಾರೆಲ್ ಉಳಿದ ಗುಂಡೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಬುಡದ ಅಂಚು ಚೂಪಾಗಿರಲಿಲ್ಲ, ಬಾಯಲ್ಲಿಟ್ಟು ಚೀಪಿದ ಮಿಠಾಯಿಯಂತೆ ಮೊಂಡಾಗಿತ್ತು. ಇದು ಎರಕದ ತಪ್ಪೋ ಅಚ್ಚಿನ ತಪ್ಪೋ ಎಂದು ಕೇಳಿದ.

ಆಗ ಅವಳಿಗೆ ಸೀಸ ಕರಗಿಸಿದ ಪಾತ್ರೆಯ ಮೇಲೆ ಗಂಜಿಯಂತೆ ಕಟ್ಟಿದ್ದ ಕೆನೆ ನೆನಪಾಯಿತು. ಅದನ್ನು ಸೌಟಿನಿಂದ ಬಳಿದು ಎಸೆದಿದ್ದಳು. ಚಿಕ್ಕ ಮಗನಿಗೆ ಜ್ವರವಿತ್ತು, ಬೇಗ ಮುಗಿಯಲೆಂದು ಉರಿ ಜೋರು ಮಾಡಿದ್ದಳು. ಅದೆಲ್ಲ ಅರೆಗಳಿಗೆ ಕಣ್ಣ ಮುಂದೆ ಬಂದು ಹೋಯಿತು. ಸುತ್ತ ಗಂಡಸರು ಕಾಫಿ ಹಿಡಿದು ನಿಂತಿದ್ದರು.

"ಅಚ್ಚೇ ಇರಬೇಕು," ಎಂದಳು. "ಅಪ್ಪನ ಕಣ್ಣು ಮೊದಲಿನ ಹಾಗಿಲ್ಲ."

ಅಪ್ಪ ಅವಳ ಹಿಂದೆಯೇ, ಟ್ರಕ್ಕಿನ ಬಾಗಿಲಿಗೆ ಒರಗಿ ನಿಂತಿದ್ದ. ಎಲ್ಲರೂ ಅವನತ್ತ ನೋಡಿದರು.

"ಅವಳು ಹೇಳೋದು ನಿಜ," ಎಂದು ಆರ್ವಿಡ್ ನಕ್ಕ. "ಮೊನ್ನೆ ಕಾಫಿಗೆ ಉಪ್ಪು ಹಾಕ್ಕೊಂಡು ಕುಡಿದೆ. ಚೆನ್ನಾಗೇ ಇತ್ತು." ಎಲ್ಲರೂ ನಕ್ಕರು. ಅವನು ಅವಳ ಪೆಟ್ಟಿಗೆಯಿಂದ ಅಚ್ಚನ್ನೂ ಒಂದೆರಡು ಗುಂಡುಗಳನ್ನೂ ಎತ್ತಿ ಜೇಬಿಗೆ ಹಾಕಿಕೊಂಡು, ಉಳಿದವರಿಗಿಂತ ಮೊದಲೇ ಹೊರಟುಬಿಟ್ಟ.

ಮನೆಗೆ ಬಂದವಳು ಮೊದಲು ಷೆಡ್ಡಿಗೆ ಹೋದಳು. ಟೈರ್ ಅಂಗಡಿಯವರು ಕೊಟ್ಟ ಬಕೆಟ್ಟು ಮೂಲೆಯಲ್ಲಿತ್ತು. ಚಕ್ರದ ತೂಕ ಸರಿದೂಗಿಸಲು ಅಂಚಿಗೆ ಸಿಕ್ಕಿಸುವ ಹಳೆಯ ಬಿಲ್ಲೆಗಳು ಅದರಲ್ಲಿ ಅರ್ಧ ಉಳಿದಿದ್ದವು. ಅವುಗಳಲ್ಲಿ ಸೀಸದವೂ ಇರುತ್ತವೆ, ಸತುವಿನವೂ ಇರುತ್ತವೆ. ಪ್ರತಿಯೊಂದನ್ನೂ ಇಕ್ಕಳದಿಂದ ಕಚ್ಚಿ ನೋಡಿಯೇ ಪಾತ್ರೆಗೆ ಹಾಕಬೇಕೆಂದು ಅಪ್ಪ ಅವಳಿಗೆ ಎಳವೆಯಲ್ಲೇ ಕಲಿಸಿದ್ದ. ಉರಿ ಜೋರಾಗಿ ಒಂದು ಬಿಲ್ಲೆ ಸತು ಕರಗಿ ಬೆರೆತರೂ ಸಾಕು, ಎರಕ ಅಚ್ಚಿನ ಮೂಲೆ ತುಂಬುವುದಿಲ್ಲ. ಅವಳು ಮೇಲಿನದೊಂದನ್ನು ಇಕ್ಕಳಕ್ಕೆ ಕೊಟ್ಟು ಒತ್ತಿದಳು. ಸೀಸವಾಗಿದ್ದರೆ ಬೆಣ್ಣೆಯಂತೆ ಗುರುತು ಬೀಳುತ್ತಿತ್ತು. ಬೀಳಲಿಲ್ಲ. ಇನ್ನೊಂದನ್ನು ಒತ್ತಿದಳು. ಅದಕ್ಕೂ ಬೀಳಲಿಲ್ಲ.

ತಕ್ಷಣ ಹೋಗಬಹುದಿತ್ತು. ಅಪ್ಪನ ಮನೆ ಸೇತುವೆ ದಾಟಿದರೆ ಸಿಗುತ್ತದೆ. ಆದರೆ ಮಕ್ಕಳಿಗೆ ಊಟ ಆಗಿರಲಿಲ್ಲ. ಆಲೂಗಡ್ಡೆ ರೊಟ್ಟಿ ಬೇಯಿಸಿ ಬೆಣ್ಣೆ ಸಕ್ಕರೆ ಸವರಿ ಕೊಟ್ಟಳು. ಚಿಕ್ಕವನ ಹಣೆ ಮುಟ್ಟಿ ನೋಡಿದಳು. ಪಾತ್ರೆ ತೊಳೆದಳು, ಮಡಚಿದ್ದ ಟವೆಲ್ಲುಗಳನ್ನೇ ಬಿಚ್ಚಿ ಮತ್ತೆ ಮಡಚಿದಳು. ಹೇಳುವ ಮಾತನ್ನು ಒಳಗೇ ಜೋಡಿಸುತ್ತಿದ್ದಳು. ಹೇಗೆ ಜೋಡಿಸಿದರೂ ಕೊನೆಗೆ ಅದು 'ನನಗೆ ಅಲ್ಲೇ ಗೊತ್ತಿತ್ತು' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ಅವಳು ಹೋದಾಗ ಅಪ್ಪ ಲೋಹ ಕಡೆಯುವ ಲೇತಿನ ಮುಂದೆ ಕೂತಿದ್ದ. ಎರಕದ ಗುಂಡೊಂದಕ್ಕೆ ತಿರುಪು ತೂರಿಸಿ, ಉಜ್ಜುವ ಪುಡಿಯ ಎಣ್ಣೆ ಹಚ್ಚಿ, ಅಚ್ಚಿನೊಳಗಿಟ್ಟು ತಿರುಗಿಸುತ್ತಿದ್ದ. ಕುಳಿಯನ್ನು ದೊಡ್ಡದು ಮಾಡುವ ಕೆಲಸ ಅದು. ಬೆರಳೆಲ್ಲ ಕಪ್ಪಾಗಿತ್ತು.

"ಸ್ವಲ್ಪ ಬಿಗಿ ಇತ್ತು ಅನ್ಸುತ್ತೆ," ಎಂದ. "ಸಡಿಲ ಮಾಡಿದೀನಿ. ಈಗ ತುಂಬ್ಕೊಳ್ಳುತ್ತೆ."

"ಅಪ್ಪಾ, ಅಚ್ಚಿಗೆ ಏನೂ ಆಗಿರಲಿಲ್ಲ. ನಾನು ಬಿಲ್ಲೆ ಕಚ್ಚಿ ನೋಡ್ಲಿಲ್ಲ. ಸತು ಸೇರಿಹೋಗಿತ್ತು. ಅಲ್ಲಿ ಡಾರೆಲ್ ಕೇಳ್ದಾಗ್ಲೇ ನಂಗೆ ಅನುಮಾನ ಬಂದಿತ್ತು."

ತಿರುಗಿಸುತ್ತಿದ್ದ ಕೈ ನಿಂತಿತು. ಅವನು ಅಚ್ಚನ್ನು ಎಣ್ಣೆಯಲ್ಲಿ ತೊಳೆದು ಒರೆಸಿದ. ಒಲೆ ಹಚ್ಚು ಎಂದಷ್ಟೇ ಹೇಳಿದ. ತನ್ನ ಶುದ್ಧ ಸೀಸ ತವರದ ಗಟ್ಟಿ ಕೊಟ್ಟ. ಅವಳು ಕರಗಿಸಿ ಹೊಯ್ದಳು. ಬಟ್ಟೆಯ ಮೇಲೆ ಬಿದ್ದ ಗುಂಡು ಬೆಳ್ಳಿಯಂತಿತ್ತು, ಅಂಚು ಉಗುರಿಗೆ ತಾಗುವಷ್ಟು ಚೂಪು. ಅದು ಆರಿದ ಮೇಲೆ ಅಳತೆಯ ಸಲಕರಣೆಯನ್ನು ಅವಳ ಕೈಗಿಟ್ಟ.

"ಎಷ್ಟಿದೆ, ಓದು."

ಸುಳ್ಳು ಹೇಳಬಹುದೆಂದು ಅವಳಿಗೆ ಅನಿಸಿತು. ಅವನಿಗೆ ಆ ಗೆರೆಗಳು ಕಾಣುತ್ತಿರಲಿಲ್ಲ. ಇದ್ದಿದ್ದನ್ನೇ ಓದಿದಳು. ಕುಳಿ ಅಗಲವಾಗಿ ಅಚ್ಚು ಕೆಟ್ಟಿತ್ತು; ಅಷ್ಟು ದಪ್ಪದ ಗುಂಡು ಯಾರ ತೋಟಾದ ಬಾಯಿಗೂ ಹಿಡಿಯುವಂತಿರಲಿಲ್ಲ.

"ಕ್ಲಬ್ಬಲ್ಲಿ ಎಲ್ಲರ ಮುಂದೆ ಹೇಳ್ತೀನಪ್ಪಾ. ನೀನು ಇನ್ನೊಂದು ಕೊರಿ."

ಆರ್ವಿಡ್ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಹೇಳು, ಹೇಳೋದು ಒಳ್ಳೇದೇ," ಎಂದ. "ಆದ್ರೆ ಅಚ್ಚು ಚೆನ್ನಾಗಿತ್ತು ಅಂತ ನನಗೆ ಗೊತ್ತಾಗ್ಬೇಕಿತ್ತಲ್ಲ, ಮಗಳೇ. ಕೈಯಲ್ಲೇ ಇತ್ತು. ಗೊತ್ತಾಗ್ಲಿಲ್ಲ."

ಅವನು ಎದ್ದು, ಮೊಳೆಗೆ ತೂಗುಹಾಕಿದ್ದ ಹಳೆಯ ಕಿತ್ತಾನಿನ ಹೊದಿಕೆಯನ್ನು ತೆಗೆದು ಲೇತನ್ನು ಮುಚ್ಚತೊಡಗಿದ. ಆಚೆ ಬದಿಯ ಅಂಚು ಚಕ್ರಕ್ಕೆ ಸಿಕ್ಕಿ ಅರ್ಧಕ್ಕೇ ನಿಂತಿತು. ಅವನು ಈಚೆಯಿಂದಲೇ ಎಳೆಯುತ್ತಿದ್ದ. ಮಾರ್ಲಿಸ್ ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ಸುತ್ತಿ ಹೋಗಿ, ಸಿಕ್ಕಿದ್ದನ್ನು ಬಿಡಿಸಿ, ತನ್ನ ಕಡೆಯ ಅಂಚನ್ನು ನೆಲದವರೆಗೆ ಇಳಿಸಿದಳು.