ಬೆಣ್ಣೆ ಹಚ್ಚಿದ ಮೂರು ತೆನೆ

“ಉಪ್ಪು ತಿಂದು ಬಾಯಿ ಒರೆಸ್ಕೊಂಡು ಹೋಗ್ತೀಯೇನೋ? ನನ್ನ ಮನೆ ಏನು ಸಂತೆ ಮಾಳಾನಾ?” ಹುಲಿಯಪ್ಪ ಜಗಲಿಯಲ್ಲಿ ನಿಂತು ಕೂಗಿದ್ದು ಆಲ್ಕೊಳದ ಅರ್ಧ ಊರಿಗೆ ಕೇಳಿಸಿತು.

“ಒಂದು ಜೋಳದ ತೆನೆ ತಿಂದಿದ್ದಕ್ಕೆ ಮದುವೇನೇ ಮಾಡ್ಕೋಬೇಕಾ ಮಾರಾಯ?” ಎಂದ ಭೂತಪ್ಪ. ಅವನು ಗಂಡಿನ ಸೋದರಮಾವ. ಗಂಡು ನಾಗಯ್ಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇಬ್ಬರೂ ಬೆಳಗಿನ ರೈಲಿಗೆ ಹೆಣ್ಣು ನೋಡಲು ಬಂದವರು.

ಆ ಹೆಣ್ಣು ಹುಲಿಯಪ್ಪನ ಮಗಳು ಚಿನ್ನಮ್ಮ. ಒಳಗೆ ಒಲೆಯ ಮುಂದೆ ಕೂತಿದ್ದಳು. ಹೊರಗಿನ ಒಂದೊಂದು ಮಾತೂ ಅವಳಿಗೆ ಕೇಳುತ್ತಿತ್ತು.

ಒಪ್ಪಿಗೆಯಾಗುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಪ್ಪು ಮುಟ್ಟುವುದಿಲ್ಲ. ಹಾಲು, ಬಾಳೆಹಣ್ಣು, ಬೆಲ್ಲದ ಅವಲಕ್ಕಿ, ಅಷ್ಟೇ. ಉಪ್ಪು ತಿಂದರೆ ಹೆಣ್ಣನ್ನು ಒಪ್ಪಿಕೊಂಡ ಹಾಗೆ. ಭೂತಪ್ಪನಿಗೂ ಇದು ಗೊತ್ತಿತ್ತು. ಆದರೆ ಅವಲಕ್ಕಿ ತಿಂದು ಮುಗಿಸುವ ಹೊತ್ತಿಗೆ ಪಕ್ಕದ ಮನೆಯಿಂದ ಸುಟ್ಟ ಮುಸುಕಿನ ಜೋಳದ ವಾಸನೆ ಬಂತು. ಅವನ ನಾಲಿಗೆ ತಡೆಯಲಿಲ್ಲ.

“ನಿಮ್ಮ ಹಿತ್ತಲಲ್ಲೂ ಬಿಟ್ಟಿದೆಯಲ್ಲ ಹುಲಿಯಪ್ಪ, ಎರಡು ತೆನೆ ಸುಡಿಸು” ಎಂದುಬಿಟ್ಟ.

ಹುಲಿಯಪ್ಪ ಒಳಗೆ ಓಡಿ ಬಂದು ಮಗಳ ಕಿವಿಯಲ್ಲಿ ಹೇಳಿದ್ದ: “ಉಪ್ಪು ಗಟ್ಟಿಯಾಗಿ ತಿಕ್ಕು. ತಿಂದ್ರೆ ಮುಗೀತು, ಆಮೇಲೆ ಹಿಂದೆ ಸರಿಯಂಗಿಲ್ಲ. ತಿಂಗಳ ಸಂಬಳದ ಗಂಡು ಕಣೇ!”

ಚಿನ್ನಮ್ಮ ಮೂರು ಎಳೆ ತೆನೆ ಮುರಿದು ತಂದಳು. ಸಿಪ್ಪೆಯನ್ನು ಹಿಂದಕ್ಕೆ ಮಡಚಿ, ನವಿರು ಕಿತ್ತು, ಕೆಂಡದ ಮೇಲೆ ತಿರುಗಿಸುತ್ತ ಕೂತಳು. ಕಾಳು ಚಟಪಟ ಎಂದಿತು. ಬಾಗಿಲ ಸಂದಿಯಲ್ಲಿ ನಾಗಯ್ಯ ಕಾಣುತ್ತಿದ್ದ. ವಯಸ್ಸು ನಲವತ್ತು. ಸತ್ತ ಹೆಂಡತಿಗೆ ಮೂರು ಮಕ್ಕಳು. ಚಿನ್ನಮ್ಮನ ಮುಖ ನೋಡದೆ ಅವನು ಕೇಳಿದ್ದು ಒಂದೇ ಮಾತು: “ಬೆಳಿಗ್ಗೆ ಐದಕ್ಕೆಲ್ಲ ಬುತ್ತಿ ಕಟ್ಟೋಕಾಗುತ್ತಾ?”

ಅವಳು ಉಪ್ಪಿನ ಮರಿಗೆಗೆ ಕೈ ಹಾಕಲಿಲ್ಲ. ಹಸಿಮೆಣಸಿನಕಾಯಿ ಜಜ್ಜಿ ಬೆಣ್ಣೆಯಲ್ಲಿ ಕಲಸಿ ತೆನೆಗೆ ಸವರಿದಳು. ಮೇಲೆ ನಿಂಬೆಹೋಳಿನಿಂದ ಉಜ್ಜಿದಳು. ಎರಡನ್ನು ಹೊರಗೆ ಕಳಿಸಿ ಒಂದನ್ನು ಒಲೆಯ ಪಕ್ಕ ಇಟ್ಟುಕೊಂಡಳು.

“ಉಪ್ಪು ಕಾರ ಹದವಾಗಿದೆ ಕಣಮ್ಮ!” ಎಂದು ಭೂತಪ್ಪ ಹೊಗಳಿದ. ದಿಂಡು ಬರಿದಾದ ಮೇಲೆ ಎದ್ದು, “ಆಯನೂರಲ್ಲಿ ಇನ್ನೊಂದು ಹೆಣ್ಣಿದೆ, ಅದನ್ನೂ ನೋಡಿ ಹೇಳಿ ಕಳಿಸ್ತೀವಿ” ಎಂದ. ಜಗಳ ಹತ್ತಿದ್ದು ಅಲ್ಲಿಂದ.

“ಉಪ್ಪು ಕಾರ ಹದವಾಗಿದೆ ಅಂದಿದ್ದು ನಿನ್ನ ಬಾಯೋ, ನಿನ್ನ ಎತ್ತಿನ ಬಾಯೋ?” ಎಂದ ಹುಲಿಯಪ್ಪ.

“ನಾನೂ ಕೇಳಿಸ್ಕೊಂಡೆ” ಎಂದಳು ಪಕ್ಕದ ಮನೆಯ ಶೇಷಮ್ಮ. ಬೇಲಿಯ ಹತ್ತಿರ ಆಗಲೇ ನಾಲ್ಕು ಜನ ಸೇರಿದ್ದರು.

ಭೂತಪ್ಪ ಅವರನ್ನೆಲ್ಲ ನೋಡಿದ. ಸ್ವರ ಇಳಿಯಿತು. “ಆಯ್ತು ಬಿಡು ಮಾರಾಯ. ಊರ ಮುಂದೆ ಮಾನ ಯಾಕೆ ಕಳೀತೀಯ? ತಾಂಬೂಲ ತರಿಸು.”

“ಚಿನ್ನಮ್ಮ, ಎಲೆಯಡಿಕೆ ತಟ್ಟೆ ತಗೊಂಡ್ ಬಾ!”

ಚಿನ್ನಮ್ಮ ಬಂದಳು. ಕೈಯಲ್ಲಿ ತಟ್ಟೆಯಿರಲಿಲ್ಲ, ಮೂರನೇ ತೆನೆಯಿತ್ತು.

“ಅಪ್ಪ, ಇದನ್ನ ತಿಂದು ನೋಡು.”

“ಈಗೇನೇ ತಿನ್ನೋದು?”

“ತಿನ್ನು.”

ಹುಲಿಯಪ್ಪ ಸಿಟ್ಟಿನಲ್ಲೇ ಕಚ್ಚಿದ. ಅಗಿಯುತ್ತಿದ್ದ ದವಡೆ ನಿಂತಿತು. “ಉಪ್ಪೆಲ್ಲೇ?”

“ಹಾಕಿಲ್ಲ. ಮೂರಕ್ಕೂ ಹಾಕಿಲ್ಲ.”

ಶೇಷಮ್ಮ ಬೇಲಿ ದಾಟಿ ಬಂದು ಎರಡು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡಳು. “ಸಪ್ಪೆ ಕಣೋ ಹುಲಿಯಪ್ಪ” ಎಂದಳು.

ಭೂತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಬೆಣ್ಣೆ ಹಚ್ಚಿ ನನ್ನ ನಾಲಿಗೇಗೇ ಟೋಪಿ ಹಾಕಿದಳಲ್ಲ! ಏಳೋ ನಾಗಯ್ಯ, ಆಯನೂರಿನ ಮೋಟಾರು ತಪ್ಪುತ್ತೆ.”

ನಾಗಯ್ಯ ಏಳಲಿಲ್ಲ. ಅವತ್ತು ಮೊದಲ ಸಲ ಚಿನ್ನಮ್ಮನ ಮುಖ ನೋಡಿದ. “ಮಾವ, ಇವಳು ಅಡಿಗೆ...” ಎಂದು ಶುರುಮಾಡಿದ.

ಚಿನ್ನಮ್ಮ ಅವನ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬೀದಿಗೆ ಮುಖಮಾಡಿ ಜೋಡಿಸಿಟ್ಟಳು.

ಅವನು ಮೆಟ್ಟಿಕೊಂಡು ಹೊರಟ. ಸಾಗರದ ರಸ್ತೆ ಸೇರುವ ತನಕ ಕೈಯಲ್ಲಿ ಬರೀ ದಿಂಡು ಹಿಡಿದೇ ಇದ್ದ. ಹುಲಿಯಪ್ಪ ಗೌರಿ ಹಬ್ಬದ ತನಕ ದಾರಿ ನೋಡಿದ, ಮಗಳ ಹತ್ತಿರ ಮಾತು ಬಿಟ್ಟಿದ್ದ. ಭದ್ರಾವತಿಯಿಂದ ಯಾರೂ ಬರಲಿಲ್ಲ.